ಸಬ್‌ಮರೀನ್ ಕಟ್ಟುವ ಕೈಗಳು ಖಾಲಿ ಕೂತಾಗ

ಮುಂಬೈಯ ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೆ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಗೊತ್ತೇ ಇರುತ್ತದೆ. ಅದರ ಪಕ್ಕದ ಮಜಗಾಂವ್ ಗುಡ್ಡದ ಉದ್ಯಾನಕ್ಕೆ ಹತ್ತಿ ನಿಂತರೆ ಬಂದರಿನ ಕ್ರೇನುಗಳು ಕಾಣುತ್ತವೆ. ಅಲ್ಲೇ ಕೆಳಗೆ, ಗೋಡೆಯ ಆಚೆ, ಮಜಗಾಂವ್ ಡಾಕ್. 1774ರಲ್ಲಿ ಒಂದು ಸಣ್ಣ ಡ್ರೈ ಡಾಕ್ ಆಗಿ ಶುರುವಾದ ಜಾಗ. 1960ರಲ್ಲಿ ಸರಕಾರದ ಕೈಗೆ ಬಂತು. ದೇಶದ ದೊಡ್ಡ ಯುದ್ಧನೌಕೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಇಲ್ಲೇ.

2025ರ ಜನವರಿ 15ರಂದು ಈ ಯಾರ್ಡಿನ ಮೂರು ಹಡಗುಗಳು ಒಂದೇ ದಿನ ನೌಕಾಪಡೆ ಸೇರಿದವು. ಸೂರತ್ ಎಂಬ ಡಿಸ್ಟ್ರಾಯರ್, ನೀಲಗಿರಿ ಎಂಬ ಫ್ರಿಗೇಟ್, ವಾಗ್ಶೀರ್ ಎಂಬ ಸಬ್‌ಮರೀನ್. ಟಿವಿಯಲ್ಲಿ ಮೂರನ್ನೂ ಒಟ್ಟಿಗೆ ತೋರಿಸಿದರು, ಪತ್ರಿಕೆಗಳಲ್ಲಿ ಮುಖಪುಟದ ಫೋಟೋ ಬಂತು. ನೋಡಿದವರಿಗೆ ಮೂರೂ ಒಂದೇ ಜಾತಿಯ ಸಾಧನೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲೆರಡರ ಕಥೆಗೂ ಮೂರನೆಯದರ ಕಥೆಗೂ ಅಜಗಜಾಂತರ. ಮೇಲೆ ತೇಲುವ ಎರಡನ್ನು ನಾವೇ ವಿನ್ಯಾಸ ಮಾಡಿದ್ದೇವೆ. ಕೆಳಗೆ ಮುಳುಗುವ ಒಂದರ ವಿನ್ಯಾಸ ಫ್ರೆಂಚರದು. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ: ಆ ದಿನ ವಾಗ್ಶೀರ್ ಗೇಟು ದಾಟಿ ಹೋದಾಗ, ಮುಂದಿನ ಹೊಸ ಸಬ್‌ಮರೀನಿನ ಆರ್ಡರ್ ಆ ಯಾರ್ಡಿನ ಕೈಯಲ್ಲಿ ಇರಲಿಲ್ಲ. ಹೀಗೆ ಆಗಿದ್ದು ಇದೇ ಮೊದಲ ಸಲವೂ ಅಲ್ಲ.

ಹಡಗು ಕೊಳ್ಳುವುದು ಅಂದರೆ ನಮ್ಮ ಮನಸ್ಸಿಗೆ ಬರುವುದು ಕಾರು ಕೊಂಡ ಹಾಗೆ. ನಾಲ್ಕು ಶೋರೂಮ್ ನೋಡಿ, ದರ ಕೇಳಿ, ಒಂದನ್ನು ಆರಿಸಿದರೆ ಆಯ್ತು. ಯುದ್ಧನೌಕೆಗೆ ಶೋರೂಮ್ ಇಲ್ಲ. ಕೊಳ್ಳುವ ಹಡಗು ಇನ್ನೂ ಹುಟ್ಟಿಯೇ ಇರುವುದಿಲ್ಲ. ಮೊದಲು ನೌಕಾಪಡೆ ತನಗೆ ಏನು ಬೇಕು ಅಂತ ಬರೆಯುತ್ತದೆ: ಎಷ್ಟು ಆಳ ಹೋಗಬೇಕು, ಎಷ್ಟು ದಿನ ನೀರಿನಡಿ ಇರಬೇಕು, ಎಷ್ಟು ಸದ್ದು ಮಾಡಬಹುದು, ಯಾವ ಟಾರ್ಪಿಡೋ, ಯಾವ ಕ್ಷಿಪಣಿ. ಆ ಪಟ್ಟಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಖರೀದಿ ಮಂಡಳಿಗೆ ಹೋಗುತ್ತದೆ. ಮಂಡಳಿ 'ಹೌದು, ಇದು ಅಗತ್ಯ' ಎಂದು ಒಪ್ಪಿದ ಮೇಲೆ ಕಂಪನಿಗಳಿಗೆ ಟೆಂಡರ್. ಬಂದ ಟೆಂಡರುಗಳಲ್ಲಿ ತಾಂತ್ರಿಕ ಭಾಗ ಮೊದಲು ತೆರೆಯುತ್ತಾರೆ, ದರದ ಲಕೋಟೆ ಮುಚ್ಚಿಯೇ ಇರುತ್ತದೆ. ತಾಂತ್ರಿಕ ಪರೀಕ್ಷೆಯಲ್ಲಿ ಪಾಸಾದವರ ಲಕೋಟೆ ಮಾತ್ರ ಒಡೆಯುವುದು. ಆಮೇಲೆ ದರದ ಚೌಕಾಸಿ, ಹಣಕಾಸು ಇಲಾಖೆಯ ಒಪ್ಪಿಗೆ, ಕೊನೆಗೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ. ಯಾವುದೇ ಮೆಟ್ಟಿಲಲ್ಲಿ ಕಾಲು ಜಾರಿದರೆ ಮತ್ತೆ ಕೆಳಗಿನಿಂದ ಹತ್ತಬೇಕು.

ಈ ಮೆಟ್ಟಿಲುಗಳನ್ನು ಬೈಯುವುದು ಸುಲಭ. ಆದರೆ ಸಾವಿರಾರು ಕೋಟಿ ರೂಪಾಯಿ ಒಂದೇ ಸಹಿಗೆ ಹೋಗುವ ಕಡೆ ಕಣ್ಣುಗಳು ಹೆಚ್ಚಿದ್ದಷ್ಟೂ ಒಳ್ಳೆಯದೇ. ನನ್ನ ತಕರಾರು ಮೆಟ್ಟಿಲಿನ ಬಗ್ಗೆ ಅಲ್ಲ. ಮೇಲೆ ಕಡತ ಹತ್ತಿ ಇಳಿಯುವಷ್ಟು ಹೊತ್ತು ಕೆಳಗೆ ಯಾರ್ಡಿನಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಬಗ್ಗೆ.

ಮೇಲೆ ತೇಲುವ ಹಡಗುಗಳ ಕಥೆ ಮೊದಲು ನೋಡೋಣ, ಯಾಕಂದ್ರೆ ಅದು ಚೆನ್ನಾಗಿ ನಡೆದ ಕಥೆ. ಅರವತ್ತರ ದಶಕದಲ್ಲಿ ಬ್ರಿಟನ್ನಿನಿಂದ ಲಿಯಾಂಡರ್ ಎಂಬ ಫ್ರಿಗೇಟಿನ ನಕ್ಷೆ ತಂದರು. ಅದರ ಮೊದಲ ಹಡಗು, ಹಳೆಯ ನೀಲಗಿರಿ, 1972ರಲ್ಲಿ ಮಜಗಾಂವ್‌ನಿಂದ ಹೊರಬಂತು. ಒಟ್ಟು ಆರು ಕಟ್ಟಿದರು. ಆರೂ ಒಂದೇ ಥರ ಇರಲಿಲ್ಲ. ಒಂದರಿಂದ ಒಂದಕ್ಕೆ ಸ್ವದೇಶಿ ಸಾಮಾನು ಹೆಚ್ಚುತ್ತಾ ಹೋಯಿತು. ಕೊನೆಯ ಎರಡರಲ್ಲಿ ದೊಡ್ಡ ಸೀ ಕಿಂಗ್ ಹೆಲಿಕಾಪ್ಟರ್ ಕೂರುವಂತೆ ಹಿಂಭಾಗವನ್ನೇ ನಮ್ಮವರು ಬದಲಿಸಿದರು. ಆ ಧೈರ್ಯದ ಮೇಲೆ ನೌಕಾಪಡೆಯ ವಿನ್ಯಾಸ ವಿಭಾಗ ಗೋದಾವರಿ ಎಂಬ ಹೊಸ ಹಡಗನ್ನೇ ಬರೆಯಿತು, 1983ರಲ್ಲಿ ಅದು ಸೇವೆಗೆ ಬಂತು. ಲಿಯಾಂಡರಿನದೇ ಎಂಜಿನ್ ಶಕ್ತಿ, ಅದಕ್ಕಿಂತ ದೊಡ್ಡ ಒಡಲು, ಒಂದರ ಬದಲು ಎರಡು ಹೆಲಿಕಾಪ್ಟರ್, ರಷ್ಯದ ಕ್ಷಿಪಣಿ, ಪಶ್ಚಿಮದ ಎಲೆಕ್ಟ್ರಾನಿಕ್ಸ್. ಕಿಚಡಿ ಅಂತ ನಗಬಹುದಿತ್ತು, ಆದರೆ ಆ ಕಿಚಡಿ ಬೆಂದಿತ್ತು. ಅಲ್ಲಿಂದ 1997ರಲ್ಲಿ ದೆಹಲಿ, 2014ರಲ್ಲಿ ಕೋಲ್ಕತ್ತಾ, 2021ರಲ್ಲಿ ವಿಶಾಖಪಟ್ಟಣಂ. ತಡ ಆಗಿದ್ದುಂಟು, ಖರ್ಚು ಮೀರಿದ್ದುಂಟು. ಆದರೆ ಒಂದು ಹಡಗು ಹೊರಟಾಗ ಇನ್ನೊಂದು ಯಾರ್ಡಿನಲ್ಲಿ ಇತ್ತು. ಕಲಿತ ಕೈ ಕಲಿಯುವ ಕೈಗೆ ಕೆಲಸ ಹೇಳಿಕೊಟ್ಟಿತು.

ಹಾಗಂತ ಎಲ್ಲವೂ ನಮ್ಮದೇ ಅಂದುಕೊಳ್ಳಬೇಡಿ. ನೌಕಾಪಡೆಯವರೇ ಹಡಗನ್ನು ಮೂರು ಪಾಲು ಮಾಡಿ ಮಾತಾಡುತ್ತಾರೆ: ತೇಲುವ ಪಾಲು, ಓಡುವ ಪಾಲು, ಹೊಡೆಯುವ ಪಾಲು. ತೇಲುವ ಪಾಲು, ಅಂದರೆ ಉಕ್ಕಿನ ಒಡಲು, ಹೆಚ್ಚುಕಡಿಮೆ ಪೂರ್ತಿ ನಮ್ಮದು. ವಿಕ್ರಾಂತ್ ಕಟ್ಟುವಾಗ ರಷ್ಯದಿಂದ ಉಕ್ಕು ಬರಲಿಲ್ಲ ಅಂತ ಇಲ್ಲೇ ಸಂಶೋಧನೆ ಮಾಡಿ, ಸೈಲ್ ಕಾರ್ಖಾನೆಗಳಲ್ಲಿ ತಯಾರಿಸಿದರು. ಆಮೇಲಿನ ಹಡಗುಗಳಿಗೂ ಅದೇ ಉಕ್ಕು ಬಂತು. ಹೊಡೆಯುವ ಪಾಲಿನಲ್ಲಿ ಬೆಂಗಳೂರಿನ ಬಿಇಎಲ್ ಮಾಡುವ ಸೋನಾರ್, ರಾಡಾರ್‌ಗಳಿವೆ. ಓಡುವ ಪಾಲಿನಲ್ಲಿ ಮಾತ್ರ ನಮ್ಮ ಕೈ ಇನ್ನೂ ಸಣ್ಣದು. ದೆಹಲಿ, ಕೋಲ್ಕತ್ತಾ, ವಿಶಾಖಪಟ್ಟಣಂ ಹಡಗುಗಳನ್ನು ಓಡಿಸುವ ಗ್ಯಾಸ್ ಟರ್ಬೈನ್ ಯುಕ್ರೇನಿನದು. ಇದರ ಫಜೀತಿ ಎಂಥದು ಅಂತ ತಿಳಿಯಲು ತುಶಿಲ್ ಎಂಬ ಫ್ರಿಗೇಟನ್ನು ನೋಡಬೇಕು. ಅದನ್ನು ರಷ್ಯ ತನ್ನ ನೌಕಾಪಡೆಗೆ ಅಂತ ಕಟ್ಟಲು ಶುರುಮಾಡಿತ್ತು. 2014ರ ಜಗಳದ ನಂತರ ಯುಕ್ರೇನ್ ಎಂಜಿನ್ ಕೊಡುವುದನ್ನು ನಿಲ್ಲಿಸಿತು, ಒಡಲು ಹಾಗೇ ಉಳಿಯಿತು. ಕೊನೆಗೆ ಭಾರತ ಆ ಹಡಗನ್ನು ಕೊಂಡಿತು, ಯುಕ್ರೇನಿನಿಂದ ಎಂಜಿನ್ ತಾನೇ ಕೊಂಡು ರಷ್ಯಕ್ಕೆ ಒಯ್ದು ಕೊಟ್ಟಿತು. ಪರಸ್ಪರ ಯುದ್ಧದಲ್ಲಿದ್ದ ಎರಡು ದೇಶಗಳ ಸಾಮಾನು ಒಂದೇ ಹಡಗಿನಲ್ಲಿ ಕೂಡಿ, 2024ರ ಡಿಸೆಂಬರಿನಲ್ಲಿ ನಮ್ಮ ಧ್ವಜ ಹಾರಿಸಿತು.

ಇನ್ನು ಸಬ್‌ಮರೀನ್.

ಇದು ಯಾಕೆ ಬೇರೆ ಅಂತ ಅರ್ಥವಾಗಬೇಕಾದರೆ ಸ್ವಲ್ಪ ನೀರಿಗೆ ಇಳಿಯಬೇಕು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮುನ್ನೂರು ಮೀಟರ್ ಕೆಳಗೆ ಒಂದು ಚದರ ಮೀಟರ್ ಜಾಗದ ಮೇಲೆ, ಅಂದರೆ ಒಂದು ಸಣ್ಣ ಊಟದ ಮೇಜಿನಷ್ಟು ಜಾಗದ ಮೇಲೆ, 300 ಟನ್ನಿಗಿಂತ ಹೆಚ್ಚು ಭಾರ. ಇದನ್ನು ತಡೆಯುವುದು ಒಳಗಿನ ಒತ್ತಡ-ಒಡಲು, ದಪ್ಪ ವಿಶೇಷ ಉಕ್ಕಿನ ಒಂದು ಕೊಳವೆ. ಅದು ಪಕ್ಕಾ ದುಂಡಗಿರಬೇಕು. ಖಾಲಿ ಎಣ್ಣೆ ಡಬ್ಬ ಗೊತ್ತಲ್ಲ. ನೆಟ್ಟಗಿದ್ದರೆ ಮೇಲೆ ನಿಂತರೂ ತಡೆಯುತ್ತದೆ, ಒಂದು ಕಡೆ ಸ್ವಲ್ಪ ತಗ್ಗಿದ್ದರೆ ಅಲ್ಲಿಂದಲೇ ಮುದುಡುತ್ತದೆ. ಸಬ್‌ಮರೀನಿಗೂ ಅದೇ ನ್ಯಾಯ, ಆದರೆ ಇಲ್ಲಿ ಮಿಲಿಮೀಟರುಗಳ ಲೆಕ್ಕ. ಉಂಗುರ ಉಂಗುರವಾಗಿ ಮಾಡಿ ಬೆಸೆಯುತ್ತಾರೆ. ಉಕ್ಕನ್ನು ಹದವಾಗಿ ಕಾಯಿಸಬೇಕು, ಬೆಸೆಯಬೇಕು, ಉಜ್ಜಬೇಕು, ಎಕ್ಸ್-ರೇ ತೆಗೆದು ನೋಡಬೇಕು. ಒಂದು ಕೂದಲೆಳೆಯ ಬಿರುಕು ಕಂಡರೂ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು.

ಈ ಕೆಲಸ ಪುಸ್ತಕ ಓದಿ ಬರುವುದಲ್ಲ. ಬೆಸುಗೆಯ ಬೆಳಕಿನಲ್ಲಿ ಕರಗಿದ ಲೋಹ ಹೇಗೆ ಹರಿಯುತ್ತಿದೆ ಎಂದು ಕಣ್ಣಿಗೆ ಗೊತ್ತಾಗಬೇಕು, ಕೈ ಅದಕ್ಕೆ ತಕ್ಕಂತೆ ನಡೆಯಬೇಕು. ವೆಲ್ಡರುಗಳ ಅರ್ಹತಾಪತ್ರಕ್ಕೆ ಜಗತ್ತಿನ ಎಲ್ಲೆಡೆ ಒಂದು ಸಾಮಾನ್ಯ ನಿಯಮವಿದೆ: ಆರು ತಿಂಗಳು ಆ ಬಗೆಯ ಬೆಸುಗೆ ಮಾಡದಿದ್ದರೆ ಪತ್ರ ಊರ್ಜಿತವಲ್ಲ, ಮತ್ತೆ ಪರೀಕ್ಷೆ ಕೊಡಬೇಕು. ಆರು ತಿಂಗಳು! ನಮ್ಮಲ್ಲಿ ಸಬ್‌ಮರೀನ್ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಅಷ್ಟು ಸಾಲದು.

ಈ ಹಿನ್ನೆಲೆಯಲ್ಲಿ ನಮ್ಮ ಇತಿಹಾಸ ನೋಡಿ. ನಮ್ಮ ಮೊದಲ ಸಬ್‌ಮರೀನ್, ಹಳೆಯ ಕಲ್ವರಿ, ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1967ರ ಡಿಸೆಂಬರ್ 8ರಂದು ಸೇವೆಗೆ ಬಂತು. ಕಟ್ಟುವುದನ್ನು ಕಲಿಯಬೇಕು ಎಂಬ ಯೋಚನೆ ಬಂದದ್ದು ಆಮೇಲೆ. 1981ರಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿಯ ಜೊತೆ ನಾಲ್ಕು ಸಬ್‌ಮರೀನುಗಳ ಒಪ್ಪಂದವಾಯಿತು: ಎರಡು ಅವರ ಯಾರ್ಡಿನಲ್ಲಿ, ಎರಡು ಮಜಗಾಂವ್‌ನಲ್ಲಿ. ಇನ್ನೂ ಎರಡರ ಮಾತು ಮುಂದಿತ್ತು. ನಮ್ಮ ಎಂಜಿನಿಯರುಗಳು, ವೆಲ್ಡರುಗಳು ಜರ್ಮನಿಗೆ ಹೋಗಿ ಕಲಿತು ಬಂದರು. ಕಲಿತದ್ದನ್ನು ಇಲ್ಲಿ ಮಾಡಿಯೂ ತೋರಿಸಿದರು. ಶಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಹೊರಬಂದವು.

ಆದರೆ ಅದಕ್ಕೂ ಮೊದಲೇ, 1987ರಲ್ಲಿ, ಈ ವ್ಯವಹಾರದಲ್ಲಿ ಶೇಕಡಾ 7 ಕಮಿಷನ್ ಹೋಗಿದೆ ಎಂಬ ಸುದ್ದಿ ದೆಹಲಿಯನ್ನು ಅಲ್ಲಾಡಿಸಿತು. ರಕ್ಷಣಾ ಸಚಿವರಾಗಿದ್ದ ವಿ.ಪಿ. ಸಿಂಗ್ ತನಿಖೆಗೆ ಆದೇಶಿಸಿದರು, ಕೆಲವೇ ದಿನಗಳಲ್ಲಿ ರಾಜೀನಾಮೆಯನ್ನೂ ಕೊಟ್ಟರು. ಐದನೆಯ ಮತ್ತು ಆರನೆಯ ಸಬ್‌ಮರೀನಿನ ಮಾತು ಅಲ್ಲಿಗೆ ನಿಂತಿತು. ತನಿಖೆ ವರ್ಷಗಟ್ಟಲೆ ನಡೆದು, ಸಾಕಷ್ಟು ಸಾಕ್ಷ್ಯ ಸಿಗದೆ ಮುಚ್ಚಿಹೋಯಿತು. ಲಂಚ ತಿಂದವರು ಇದ್ದರೆ ಅವರಿಗೆ ಏನೂ ಆಗಲಿಲ್ಲ. ಶಿಕ್ಷೆ ಆಗಿದ್ದು ಮಜಗಾಂವ್‌ನ ಆ ಶೆಡ್ಡಿಗೆ. ಶಂಕುಲ್ ಹೋದ ಮೇಲೆ ಬೆಸೆಯಲು ಹೊಸ ಒಡಲು ಬರಲಿಲ್ಲ. ಜರ್ಮನಿಯಲ್ಲಿ ಕಲಿತವರಲ್ಲಿ ಕೆಲವರು ಬೇರೆ ಕೆಲಸಕ್ಕೆ ಹೋದರು, ಉಳಿದವರು ನಿವೃತ್ತರಾದರು. ದುಡ್ಡು ಕೊಟ್ಟು ಕಲಿತ ವಿದ್ಯೆ ಹೀಗೆ ಒಬ್ಬೊಬ್ಬರಾಗಿ ಗೇಟು ದಾಟಿ ಹೋಯಿತು. ಅದಕ್ಕೆ ಯಾವ ಆಡಿಟ್ ವರದಿಯಲ್ಲೂ ಒಂದು ಕಾಲಮ್ ಇರುವುದಿಲ್ಲ.

1999ರಲ್ಲಿ ಸರಕಾರ ಮೂವತ್ತು ವರ್ಷದ ಯೋಜನೆಯೊಂದನ್ನು ಒಪ್ಪಿತು. 24 ಸಬ್‌ಮರೀನ್, ಎರಡು ಸಾಲಿನಲ್ಲಿ, ಒಂದರ ಹಿಂದೆ ಒಂದು. ಕಾಗದದ ಮೇಲೆ ಅದು ಒಳ್ಳೆಯ ಯೋಜನೆಯೇ. ಮೊದಲ ಸಾಲಿನ ಒಪ್ಪಂದ ಆಗಿದ್ದು 2005ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸಕ್ಕೆ. ಆರು ಹಡಗು, ಸುಮಾರು 18,798 ಕೋಟಿ ರೂಪಾಯಿ, ಮೊದಲನೆಯದು 2012ಕ್ಕೆ. ಮತ್ತೆ ವಿದೇಶಿ ತಂತ್ರಜ್ಞರು ಬಂದರು, ಮತ್ತೆ ನಮ್ಮವರು ಕಲಿತರು, ಮತ್ತೆ ಬೆಸುಗೆಯ ಪರೀಕ್ಷೆಗಳು. ಒಂದೇ ಪಾಠಕ್ಕೆ ಎರಡು ಸಲ ಫೀಸು. ಇದರ ಜೊತೆಗೆ ಒಪ್ಪಂದ ಬರೆಯುವಾಗ ಹಲವು ಉಪಕರಣಗಳನ್ನು ಮಜಗಾಂವ್ ಆಮೇಲೆ ಕೊಳ್ಳಲಿ ಎಂದು ಬಿಟ್ಟಿದ್ದರು. ಆಮೇಲೆ ಅವುಗಳ ದರ ಕೇಳಿದಾಗ ಎಲ್ಲರೂ ಬೆಚ್ಚಿದರು. ಅದನ್ನು ಬಗೆಹರಿಸಲು ವರ್ಷಗಳೇ ಹೋದವು. ಒಟ್ಟು ವೆಚ್ಚ 23 ಸಾವಿರ ಕೋಟಿ ದಾಟಿತು. ಹೊಸ ಕಲ್ವರಿ ಸೇವೆಗೆ ಬಂದದ್ದು 2017ರ ಡಿಸೆಂಬರ್ 14ರಂದು. ಶಂಕುಲ್‌ನಿಂದ ಕಲ್ವರಿಗೆ ಇಪ್ಪತ್ತಮೂರು ವರ್ಷ. 1994ರಲ್ಲಿ ಹುಟ್ಟಿದ ಮಗು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ.

ಆಮೇಲೆ ನೋಡಿ ವೇಗ: ಖಂಡೇರಿ 2019, ಕರಂಜ್ ಮತ್ತು ವೇಲಾ 2021, ವಾಗಿರ್ 2023, ವಾಗ್ಶೀರ್ 2025. ಕೈ ಹದಕ್ಕೆ ಬಂದ ಮೇಲೆ ಕೆಲಸ ಓಡಿತು. ಒಂದೊಂದರಲ್ಲೂ ಸುಮಾರು 60 ಕಿಲೋಮೀಟರ್ ಕೇಬಲ್, 11 ಕಿಲೋಮೀಟರ್ ಪೈಪು, ತಲಾ 750 ಕಿಲೋ ತೂಗುವ 360 ಬ್ಯಾಟರಿ ಸೆಲ್ಲುಗಳು. ಇಷ್ಟನ್ನೂ 67 ಮೀಟರ್ ಉದ್ದದ ಕೊಳವೆಯೊಳಗೆ, ನಲವತ್ತಕ್ಕೂ ಹೆಚ್ಚು ಜನ ಬದುಕುವಂತೆ ಜೋಡಿಸಬೇಕು. ಒಂದು ಪೈಪು ಒಂದು ಗೇಣು ಆಚೆ ಬಂದರೆ ಹಿಂದೆ ಜೋಡಿಸಿದ್ದನ್ನೆಲ್ಲ ಬಿಚ್ಚಬೇಕು. ಮುಂಬೈ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.

ಹಗರಣದ ನೆರಳು ಇಲ್ಲೂ ಬಿಡಲಿಲ್ಲ. ಕಲ್ವರಿಗೆಂದು ಇಟಲಿಯ ಬ್ಲ್ಯಾಕ್ ಶಾರ್ಕ್ ಟಾರ್ಪಿಡೋ ಆರಿಸಿದ್ದರು. ಅದನ್ನು ಮಾಡುವ ಕಂಪನಿ, ಹೆಲಿಕಾಪ್ಟರ್ ಹಗರಣದಲ್ಲಿ ಸಿಕ್ಕಿಬಿದ್ದ ಅಗಸ್ಟಾ ವೆಸ್ಟ್‌ಲ್ಯಾಂಡ್‌ನ ಸೋದರ ಸಂಸ್ಥೆ. ಹಾಗಾಗಿ 2016ರಲ್ಲಿ ಟಾರ್ಪಿಡೋ ಖರೀದಿ ರದ್ದು. ಹೊಚ್ಚ ಹೊಸ ಸಬ್‌ಮರೀನು ಹಳೆಯ ಜರ್ಮನ್ ಸಬ್‌ಮರೀನುಗಳ ಕಾಲದ ಟಾರ್ಪಿಡೋ ಹೊತ್ತುಕೊಂಡು ಸಮುದ್ರಕ್ಕಿಳಿಯಿತು. ಭ್ರಷ್ಟರನ್ನು ಹಿಡಿಯಬೇಕು, ಕಂಪನಿಗೆ ದಂಡ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಮಾಡುವುದು ಕಳ್ಳನನ್ನು ಬಿಟ್ಟು ಮನೆಗೆ ಬೀಗ ಹಾಕುವ ಕೆಲಸ.

ಕಾಯುವ ಕಾಲದಲ್ಲಿ ಹಳೆಯ ಸಬ್‌ಮರೀನುಗಳೇ ದುಡಿಯಬೇಕು. 2014ರ ಫೆಬ್ರವರಿಯಲ್ಲಿ ಮುಂಬೈ ಕಡಲಾಚೆ ಸಿಂಧುರತ್ನದೊಳಗೆ ಹೊಗೆ ತುಂಬಿ ಇಬ್ಬರು ಯುವ ಅಧಿಕಾರಿಗಳು ಸತ್ತರು. ಅದು 1988ರಿಂದ ಸೇವೆಯಲ್ಲಿದ್ದ ರಷ್ಯನ್ ಸಬ್‌ಮರೀನ್. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಅದೇ ದಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಹೊಸ ಹಡಗುಗಳ ಕಡತವನ್ನು ತಡಮಾಡಿದವರು ಯಾರೂ ಕೊಡಲಿಲ್ಲ. ಅದಕ್ಕೆ ಆರು ತಿಂಗಳು ಮೊದಲು, 2013ರ ಆಗಸ್ಟ್ 14ರಂದು, ಸಿಂಧುರಕ್ಷಕ್ ಮುಂಬೈ ಡಾಕ್‌ಯಾರ್ಡಿನಲ್ಲೇ ಸ್ಫೋಟವಾಗಿ ಹದಿನೆಂಟು ಜನ ಸತ್ತಿದ್ದರು. ಅದನ್ನು ಹಳತಾದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ; ರಷ್ಯದಲ್ಲಿ ದೊಡ್ಡ ರಿಪೇರಿ ಮುಗಿಸಿ ಆಗಷ್ಟೇ ಬಂದಿತ್ತು. ಆದರೆ ಸಬ್‌ಮರೀನಿನೊಳಗೆ ತಪ್ಪಿಗೆ ಜಾಗವಿಲ್ಲ ಎಂಬುದನ್ನು ಅದೂ ಹೇಳುತ್ತದೆ.

ಈಗ ಎರಡನೆಯ ಸಾಲಿನ ಕಥೆ. 1999ರ ಯೋಜನೆಯಲ್ಲೇ ಇದ್ದ ಈ ಸಾಲಿಗೆ ಟೆಂಡರ್ ಕರೆದದ್ದು 2021ರ ಜುಲೈಯಲ್ಲಿ. ನೌಕಾಪಡೆಯ ಮುಖ್ಯ ಷರತ್ತು ಎಐಪಿ ಎಂಬ ವ್ಯವಸ್ಥೆ. ಇದನ್ನು ಸರಳವಾಗಿ ಹೇಳುವುದಾದರೆ: ಡೀಸೆಲ್ ಸಬ್‌ಮರೀನ್ ನೀರಿನಡಿ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಟರಿ ಖಾಲಿಯಾದರೆ ಮೇಲೆ ಬಂದು, ಉಸಿರುಕೊಳವೆಯನ್ನು ನೀರಿನ ಮೇಲೆ ಚಾಚಿ, ಡೀಸೆಲ್ ಎಂಜಿನ್ ಹಚ್ಚಿ ಚಾರ್ಜ್ ಮಾಡಿಕೊಳ್ಳಬೇಕು. ಶತ್ರುವಿನ ರಾಡಾರಿಗೆ ಸಿಗುವುದು ಆಗಲೇ. ಎಐಪಿ ಇದ್ದರೆ ಹೊರಗಿನ ಗಾಳಿ ಇಲ್ಲದೆ ಒಳಗೇ ವಿದ್ಯುತ್ ಹುಟ್ಟುತ್ತದೆ, ಎರಡು ಮೂರು ದಿನದ ಬದಲು ವಾರಗಟ್ಟಲೆ ಕೆಳಗೇ ಇರಬಹುದು. ಪಾಕಿಸ್ತಾನದ ಅಗಸ್ಟಾ ಸಬ್‌ಮರೀನುಗಳಲ್ಲಿ ಇದು ಬಂದು ವರ್ಷಗಳಾದವು.

ನೌಕಾಪಡೆ ಕೇಳಿದ್ದು ಸಮುದ್ರದಲ್ಲಿ ಓಡಿಸಿ ಸೈ ಅನ್ನಿಸಿಕೊಂಡ ಎಐಪಿ. ನ್ಯಾಯವಾದ ಬೇಡಿಕೆಯೇ. ಆದರೆ ಆ ಒಂದು ಸಾಲಿಗೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ಫ್ರೆಂಚರು 2022ರಲ್ಲಿ ನಮ್ಮ ಕೈಲಾಗದು ಎಂದರು. 2023ರ ಆಗಸ್ಟಿನಲ್ಲಿ ಟೆಂಡರ್ ಹಾಕಿದ್ದು ಎರಡೇ ಜೋಡಿ: ಜರ್ಮನಿಯ ಟಿಕೆಎಂಎಸ್ ಜೊತೆ ಮಜಗಾಂವ್, ಸ್ಪೇನಿನ ನವಾಂಟಿಯಾ ಜೊತೆ ಎಲ್ ಆ್ಯಂಡ್ ಟಿ. ಸ್ಪೇನಿನವರು ಎಐಪಿಯನ್ನು ದಡದ ಮೇಲೆ ಓಡಿಸಿ ತೋರಿಸಿದರು, ಅದು ಸಾಲಲಿಲ್ಲ. 2025ಕ್ಕೆ ಕಣದಲ್ಲಿ ಉಳಿದದ್ದು ಮಜಗಾಂವ್ ಜೋಡಿ ಮಾತ್ರ, ದರದ ಮಾತುಕತೆ ಶುರುವಾಯಿತು. ಟಿಕೆಎಂಎಸ್ ಯಾರು ಅಂತೀರಾ? 1987ರಲ್ಲಿ ನಾವು ಬಾಗಿಲು ಮುಚ್ಚಿದ ಅದೇ ಎಚ್‌ಡಿಡಬ್ಲ್ಯು ಈಗ ಇರುವುದು ಆ ಕಂಪನಿಯ ಒಳಗೆ. ನಲವತ್ತು ವರ್ಷ ಸುತ್ತಿ ಅದೇ ಮನೆಯ ಬಾಗಿಲಿಗೆ ಬಂದಿದ್ದೇವೆ. ಒಪ್ಪಂದ ಆದ ಮೇಲೂ ಮೊದಲ ಹಡಗು ನೀರಿಗಿಳಿದು ಸೇವೆಗೆ ಬರಲು ಆರೇಳು ವರ್ಷ ಬೇಕು.

ನಾವೊಬ್ಬರೇ ಹೀಗೆ ಅಂತಲ್ಲ. ಬ್ರಿಟನ್ನಿನವರು ವ್ಯಾನ್‌ಗಾರ್ಡ್ ಸಬ್‌ಮರೀನುಗಳ ಕೆಲಸ ಮುಗಿದ ಮೇಲೆ ಹೊಸ ಆರ್ಡರ್ ಕೊಡಲು ತಡಮಾಡಿದರು. ಬ್ಯಾರೋ ಊರಿನ ಯಾರ್ಡಿನಲ್ಲಿ ಸಾವಿರಾರು ಜನ ಕೆಲಸ ಕಳಕೊಂಡರು. ಮುಂದೆ ಅಸ್ಟ್ಯೂಟ್ ಕಟ್ಟಲು ಹೊರಟಾಗ ತಮ್ಮದೇ ವಿದ್ಯೆ ಮರೆತಿರುವುದು ಗೊತ್ತಾಗಿ, ಅಮೆರಿಕದಿಂದ ಅನುಭವಿಗಳನ್ನು ಕರೆಸಿದರು. ಸಬ್‌ಮರೀನ್ ಕಟ್ಟುವುದರಲ್ಲಿ ನೂರು ವರ್ಷ ದಾಟಿದ ಊರಿನ ಕಥೆ ಇದು.

ನಮ್ಮಲ್ಲೂ ನಿಲ್ಲದೆ ನಡೆದ ಒಂದು ಸಾಲಿದೆ, ಅಣುಶಕ್ತಿ ಸಬ್‌ಮರೀನುಗಳದು. ಗುಜರಾತಿನ ಹಜೀರಾದಲ್ಲಿ ಎಲ್ ಆ್ಯಂಡ್ ಟಿ ಒಡಲು ಬೆಸೆಯುತ್ತದೆ, ವಿಶಾಖಪಟ್ಟಣದಲ್ಲಿ ಪೂರ್ಣವಾಗುತ್ತದೆ. ಅರಿಹಂತ್ 2016ರಲ್ಲಿ, ಅರಿಘಾತ್ 2024ರಲ್ಲಿ ಸೇವೆಗೆ ಬಂದವು. ಅಲ್ಲಿ ಟೆಂಡರ್ ಇಲ್ಲ, ಪೈಪೋಟಿ ಇಲ್ಲ, ಹಾಗಾಗಿ ಕೆಲಸ ನಿಲ್ಲಲಿಲ್ಲ. ಆದರೆ ಅಲ್ಲಿ ಎಷ್ಟು ಖರ್ಚಾಯಿತು, ಎಷ್ಟು ತಡವಾಯಿತು ಅಂತ ಕೇಳುವ ದಾರಿಯೂ ನಾಗರಿಕನಿಗಿಲ್ಲ. ಅದೇ ಮಾದರಿ ಎಲ್ಲ ಕಡೆ ತರೋಣ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೇಕಿರುವುದು ಕತ್ತಲೆಯಲ್ಲ, ಒಂದು ಆರ್ಡರ್ ಮುಗಿಯುವ ಮೊದಲೇ ಮುಂದಿನದರ ತೀರ್ಮಾನ ಆಗಬೇಕೆಂಬ ಕಟ್ಟುನಿಟ್ಟಿನ ಗಡುವು. ಇನ್ನೂ ಮೂರು ಸ್ಕಾರ್ಪೀನ್ ಕಟ್ಟಲು 2023ರ ಜುಲೈಯಲ್ಲೇ ಖರೀದಿ ಮಂಡಳಿ 'ಅಗತ್ಯ' ಎಂದು ಒಪ್ಪಿತ್ತು. ಆಗ ಮಜಗಾಂವ್‌ನಲ್ಲಿ ವಾಗ್ಶೀರ್ ಇನ್ನೂ ಇತ್ತು, ಕೈಗಳೂ ಬಿಸಿಯಿದ್ದವು. ಒಪ್ಪಿಗೆಯಿಂದ ಆರ್ಡರ್‌ವರೆಗಿನ ದಾರಿ ಎಷ್ಟು ಉದ್ದ ಅಂತ ಮೇಲೆಯೇ ಹೇಳಿದ್ದೇನೆ.

ಸದ್ಯಕ್ಕೆ ಆ ಕೈಗಳಿಗೆ ಇನ್ನೊಂದು ಕೆಲಸ ಕಾದಿದೆ. ಮುಂಬೈ ಪಕ್ಕದ ಅಂಬರ್‌ನಾಥದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ನಮ್ಮದೇ ಎಐಪಿಯನ್ನು ತಯಾರಿಸಿದೆ. ಅದನ್ನು ಕಟ್ಟಿ ಕಲ್ವರಿ ವರ್ಗದ ಸಬ್‌ಮರೀನಿಗೆ ಸೇರಿಸಲು 2024ರ ಡಿಸೆಂಬರ್ 30ರಂದು ಮಜಗಾಂವ್ ಜೊತೆ ಸುಮಾರು 1,990 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅದೇ ದಿನ ಹೊಸ ಟಾರ್ಪಿಡೋ ಜೋಡಿಸಲು ಫ್ರೆಂಚ್ ಕಂಪನಿಗೆ ಸುಮಾರು 877 ಕೋಟಿಯ ಕೆಲಸ ಸಿಕ್ಕಿತು. ಎಐಪಿಯನ್ನು ಒಳಗೆ ಇಳಿಸಲು ಬಾಗಿಲು ಸಾಲದು. ಸಬ್‌ಮರೀನನ್ನು ಡಾಕಿಗೆ ತಂದು, ಒಡಲನ್ನು ನಡುವೆ ಅಡ್ಡಕ್ಕೆ ಕತ್ತರಿಸಿ, ಎರಡು ತುಂಡನ್ನು ಸರಿಸಿ, ನಡುವೆ ಹೊಸ ಉಂಗುರವೊಂದನ್ನು ಇಟ್ಟು, ಎರಡೂ ಬದಿ ಮತ್ತೆ ಬೆಸೆಯಬೇಕು. ಎಕ್ಸ್-ರೇ, ಉಜ್ಜುವುದು, ಮಿಲಿಮೀಟರ್ ಲೆಕ್ಕ, ಎಲ್ಲ ಮೊದಲಿನಂತೆ.